ಮರಳ ಮೇಲಿನ ಅಕ್ಷರ, ಗೋಡೆಯೊಳಗಿನ ಕಿಂಡಿ

ಈಚೆಗೆ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ನಮ್ಮ ಮಗುವಿಗೆ ಇನ್ನೂ ಐದು ತುಂಬಿಲ್ಲ, ಮೊಬೈಲಿನಲ್ಲಿ ಬೇಕಾದ್ದನ್ನೆಲ್ಲ ತಾನೇ ಹುಡುಕಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ." ಹೇಳುವವರ ದನಿಯಲ್ಲಿ ಹೆಮ್ಮೆ ಮುಕ್ಕಾಲು ಪಾಲು, ಆತಂಕ ಕಾಲು ಪಾಲು. ಕೇಳಿದ ನಾವೂ ತಲೆದೂಗಿ ಕಾಫಿ ಕುಡಿದು ಬರುತ್ತೇವೆ. ಆದರೆ ಆ ಒಂದು ಮಾತಿನಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ ಎಂಬುದನ್ನು ನಾವು ಗಮನಿಸುವುದಿಲ್ಲ. ಯಂತ್ರವನ್ನು ನಡೆಸುವುದು ಒಂದು. ಯಂತ್ರ ತಂದು ಮುಂದಿಟ್ಟದ್ದನ್ನು ತಿಳಿದು ಬಳಸಿಕೊಳ್ಳುವುದು ಮತ್ತೊಂದು. ಇವುಗಳಲ್ಲಿ ಮಕ್ಕಳಿಗೆ ತಾನಾಗಿ ಬರುವುದು ಯಾವುದು, ಬಾರದಿರುವುದು ಯಾವುದು? ಈ ಪ್ರಶ್ನೆಗೆ ಒಂದು ಚರಿತ್ರೆಯುಂಟು. ಅದರ ಒಂದು ತುದಿ ದೆಹಲಿಯಲ್ಲಿದೆ. ಇನ್ನೊಂದು ತುದಿ, ಸ್ವಾರಸ್ಯವೆಂದರೆ, ನಮ್ಮ ಬಳ್ಳಾರಿಯಲ್ಲಿದೆ.

ಮೊದಲು ದೆಹಲಿಯ ಕಥೆ. 1999ನೆಯ ಇಸವಿ ಜನವರಿ 26. ಭಾರತದಲ್ಲಿ ಅಂತರಜಾಲ ಸಾರ್ವಜನಿಕರಿಗೆ ದೊರೆಯತೊಡಗಿ, ಎಂದರೆ 1995ರ ಆಗಸ್ಟ್ 15ರಿಂದೀಚೆಗೆ, ಮೂರೂವರೆ ವರ್ಷವೂ ಕಳೆದಿರಲಿಲ್ಲ. ನಗರದ ದಕ್ಷಿಣ ಭಾಗದ ಕಾಲಕಾಜಿಯಲ್ಲಿ ಕಂಪ್ಯೂಟರ್ ಶಿಕ್ಷಣ ನೀಡುವ ಎನ್.ಐ.ಐ.ಟಿ. ಸಂಸ್ಥೆಯ ಕಚೇರಿ, ಅದರ ಆವರಣದ ಗೋಡೆಗೆ ಅಂಟಿಕೊಂಡಂತೆ ಆಚೆ ಬದಿಗೆ ಕೊಳೆಗೇರಿ. ಸಂಸ್ಥೆಯ ವಿಜ್ಞಾನಿ ಸುಗತ ಮಿತ್ರ ಎಂಬವರು ಆ ಗೋಡೆಯಲ್ಲಿ ಒಂದು ಕಿಂಡಿಯನ್ನು ಕೊರೆಸಿ, ಅಂತರಜಾಲದ ಸಂಪರ್ಕವಿದ್ದ ಒಂದು ಕಂಪ್ಯೂಟರಿನ ಪರದೆಯನ್ನು ಆಚೆ ಬದಿಗೆ ಮುಖ ಮಾಡಿ ಕೂರಿಸಿದರು. ನೆಲದಿಂದ ಅದರ ಎತ್ತರ ಮಕ್ಕಳಿಗೆ ಎಟಕುವಷ್ಟು. ಅದನ್ನು ಹೇಗೆ ಬಳಸಬೇಕೆಂದು ಹೇಳಲು ಅಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಯಾವ ಫಲಕವೂ ಇರಲಿಲ್ಲ. ಇದ್ದಿದ್ದರೂ ಅಲ್ಲಿನ ಮಕ್ಕಳಲ್ಲಿ ಅನೇಕರು ಅದನ್ನು ಓದುವ ಸ್ಥಿತಿಯಲ್ಲಿರಲಿಲ್ಲ. ಪರದೆಯ ಮೇಲೆ ಇದ್ದದ್ದೋ ಇಂಗ್ಲಿಷು.

ಕೆಲವೇ ಗಂಟೆಗಳಲ್ಲಿ ಹುಡುಗರು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವುದನ್ನು ಕಂಡುಕೊಂಡರು. ಒಬ್ಬ ಕಂಡುಕೊಂಡದ್ದು ಹತ್ತು ಜನಕ್ಕೆ ಹರಡಿತು. ಕೈಯಾಡಿಸುವವನು ಒಬ್ಬ, ಬೆನ್ನ ಹಿಂದೆ ನಿಂತು "ಅಲ್ಲಿ ಒತ್ತು, ಇಲ್ಲಿ ಒತ್ತು" ಎಂದು ಕೂಗುವವರು ನಾಲ್ವರು, ಸುಮ್ಮನೆ ನೋಡುವವರು ಇನ್ನಷ್ಟು ಮಂದಿ. ನೋಡುತ್ತ ನಿಂತವರೂ ಕಲಿತರು. ಬಣ್ಣದ ಚಿತ್ರ ಬರೆಯುವ ಉಪಕರಣ ಅವರಿಗೆ ಬಹಳ ಮೆಚ್ಚುಗೆಯಾಯಿತು. ಶಿಕ್ಷಕನ ಕೈ ಅತ್ಯಲ್ಪವಾಗಿ ಸೋಕಿದ ಈ ಶಿಕ್ಷಣಕ್ಕೆ ಮಿತ್ರ ಅವರು ಶಸ್ತ್ರವೈದ್ಯರ ಪರಿಭಾಷೆಯಿಂದ ಒಂದು ಹೆಸರನ್ನು ಎರವಲು ತಂದರು. ಜನ ಅದನ್ನು "ಗೋಡೆಯ ಕಿಂಡಿ" ಎಂದೇ ಕರೆದರು.

ನನಗೆ, ಭಾಷೆಯ ಮೇಷ್ಟರಾದ ಕಾರಣ, ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೊಂದು ವಿವರ. ಪರದೆಯ ಮೇಲೆ ಓಡಾಡುವ ಬಾಣದ ಗುರುತಿಗೆ ಆ ಮಕ್ಕಳು "ಸೂಯಿ" ಎಂದರು, ಎಂದರೆ ಸೂಜಿ. ಯಂತ್ರ ಕೆಲಸದಲ್ಲಿ ತೊಡಗಿರುವಾಗ ಕಾಣಿಸಿಕೊಳ್ಳುತ್ತಿದ್ದ ಮರಳ ಗಡಿಯಾರದ ಚಿಹ್ನೆಗೆ "ಡಮರು" ಎಂದರು. ಮರಳ ಗಡಿಯಾರವನ್ನು ಕಂಡರಿಯದ ಮಕ್ಕಳು. ಶಿವನ ಕೈಯ ಡಮರುವನ್ನು ಮಾತ್ರ ಕ್ಯಾಲೆಂಡರಿನಲ್ಲಿ, ಗುಡಿಯಲ್ಲಿ ಕಂಡವರು. ಎರಡು ಬದಿಗೆ ಅಗಲ, ನಡುವೆ ಸಣ್ಣ. ಇದಕ್ಕಿಂತ ಚೆಂದದ ಪಾರಿಭಾಷಿಕ ಪದವನ್ನು ಯಾವ ಸಮಿತಿಯೂ ಕಟ್ಟಲಾರದು. ನಾನು ಅಂಥ ಒಂದೆರಡು ಸಮಿತಿಗಳಲ್ಲಿ ಕುಳಿತವನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಆಮೇಲೆ ಮಧ್ಯಪ್ರದೇಶದ ಶಿವಪುರಿ, ಉತ್ತರಪ್ರದೇಶದ ಮದನ್ತುಸಿ ಎಂಬ ಹಳ್ಳಿ, ಹೀಗೆ ಬೇರೆ ಊರುಗಳಲ್ಲಿ ಕಿಂಡಿಗಳು ತೆರೆದವು. ಮದನ್ತುಸಿಯ ಮಕ್ಕಳು ಎಕ್ಸಿಟ್, ಸ್ಟಾಪ್, ಸೇವ್ ಮುಂತಾದ ಸುಮಾರು 200 ಇಂಗ್ಲಿಷ್ ಪದಗಳನ್ನು ತಮ್ಮ ತಮ್ಮಲ್ಲೇ ಆಡುತ್ತಿದ್ದರೆಂದು ಮಿತ್ರ ಹೇಳಿಕೊಂಡಿದ್ದಾರೆ. ಲೋಕವೆಲ್ಲ ಬೆರಗಾಯಿತು. ವಿಕಾಸ್ ಸ್ವರೂಪರ "ಕ್ಯೂ ಅಂಡ್ ಎ" ಎಂಬ 2005ರ ಇಂಗ್ಲಿಷ್ ಕಾದಂಬರಿಗೆ ಇದು ಪ್ರೇರಣೆಗಳಲ್ಲಿ ಒಂದಾಯಿತು. ಆ ಕಾದಂಬರಿಯೇ ಆಮೇಲೆ "ಸ್ಲಂಡಾಗ್ ಮಿಲಿಯನೇರ್" ಎಂಬ ಚಲನಚಿತ್ರವಾದದ್ದು. 2013ರಲ್ಲಿ ಮಿತ್ರ ಅವರಿಗೆ ಹತ್ತು ಲಕ್ಷ ಡಾಲರುಗಳ ಟೆಡ್ ಬಹುಮಾನವೂ ಬಂದಿತು.

ಮಕ್ಕಳು ಮಕ್ಕಳಿಂದಲೇ ಕಲಿಯುತ್ತಾರೆ ಎಂಬ ಈ ಬೆರಗು ಹೊಸದೇ? ಇಲ್ಲಿ ನಾನು ನಿಮ್ಮನ್ನು ಇನ್ನೂರು ವರ್ಷಗಳಿಗೂ ಹಿಂದಕ್ಕೆ ಕರೆದುಕೊಂಡು ಹೋಗಬೇಕಾಗಿದೆ.

ಸ್ಕಾಟ್‌ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಎಂಬಾತ 1787ರಲ್ಲಿ ಮದರಾಸಿಗೆ ಬಂದ. 1789ರಲ್ಲಿ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆ ಅವನಿಗೆ ಒಪ್ಪಿಸಲ್ಪಟ್ಟಿತು. ಸಿಪಾಯಿಗಳ ಮಕ್ಕಳು, ಕಲಿಸಲು ಬಂದ ಉಪಾಧ್ಯಾಯರಿಗೆ ಉತ್ಸಾಹವಿಲ್ಲ. ಒಂದು ದಿನ ಕುದುರೆಯ ಮೇಲೆ ಸವಾರಿ ಹೋಗುತ್ತಿದ್ದಾಗ ಬೆಲ್ ಒಂದು ನಾಡಶಾಲೆಯನ್ನು ಕಂಡ. ಅಲ್ಲಿ ಮಕ್ಕಳು ನೆಲದ ಮೇಲೆ ಮರಳನ್ನು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕಾಗದವಿಲ್ಲ, ಶಾಯಿಯಿಲ್ಲ, ಖರ್ಚಿಲ್ಲ. ಅವನಿಗೆ ಇದು ಹಿಡಿಸಿತು. ತನ್ನ ಶಾಲೆಯ ಉಪಾಧ್ಯಾಯರಿಗೆ ಹೀಗೆ ಕಲಿಸಿರೆಂದ. ಅವರು ಆಗದೆಂದರು. ಆಗ ಬೆಲ್ ಮಾಡಿದ ಕೆಲಸವನ್ನು ನೋಡಿ: ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನನ್ನು ಕರೆದು, ಅಕ್ಷರಾಭ್ಯಾಸದ ತರಗತಿಯನ್ನು ಅವನಿಗೇ ಒಪ್ಪಿಸಿದ. ಹುಡುಗ ಗೆದ್ದ. ಅಲ್ಲಿಂದ ಒಂದೊಂದಾಗಿ ತರಗತಿಗಳೆಲ್ಲ ಮಕ್ಕಳ ಕೈಗೇ ಬಂದವು. ಬೆಲ್ ಸ್ವದೇಶಕ್ಕೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವಿವರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. "ಮದರಾಸು ಪದ್ಧತಿ" ಎಂಬ ಹೆಸರಿನಿಂದ ಅದು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. 1798ರಲ್ಲಿ ಜೋಸೆಫ್ ಲ್ಯಾಂಕ್ಯಾಸ್ಟರ್ ಎಂಬಾತನೂ ಲಂಡನ್ನಿನಲ್ಲಿ ಇಂಥದೇ ಶಾಲೆಯನ್ನು ತೆರೆದ. ಇಬ್ಬರ ಅನುಯಾಯಿಗಳೂ ಪದ್ಧತಿ ತಮ್ಮವನದೇ ಎಂದು ದಶಕಗಳ ಕಾಲ ಜಗಳವಾಡಿದರು. ಮರಳಿನ ಮೇಲೆ ಬರೆಯುತ್ತಿದ್ದ ನಮ್ಮ ಮಕ್ಕಳ ಹಕ್ಕು ಯಾರಿಗೂ ನೆನಪಿಗೆ ಬಂದಂತೆ ಕಾಣುವುದಿಲ್ಲ.

ಒಬ್ಬನಿಗೆ ಬಂದಿತು. ಅವನೇ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಧಿಪತ್ಯದ ಎಲ್ಲ ಜಿಲ್ಲೆಗಳ ನಾಡಶಾಲೆಗಳ ಲೆಕ್ಕವನ್ನು ಕೇಳಿದ. ಬಹುಮಂದಿ ಕಲೆಕ್ಟರುಗಳು ಕೋಷ್ಟಕ ತುಂಬಿ ಕಳುಹಿಸಿ ಕೈ ತೊಳೆದುಕೊಂಡರು. ಕನ್ನಡ ಸೀಮೆಯ ಪಾಲಿಗೆ ಭಾಗ್ಯವೆಂಬಂತೆ, ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಬರೆದ ವರದಿಯಲ್ಲಿ ಲೆಕ್ಕದ ಜೊತೆಗೆ ಶಾಲೆಯೊಳಗಿನ ಬದುಕೂ ಇದೆ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅನಂತಪುರ ಸೀಮೆಯೂ ಅದರಲ್ಲಿ ಸೇರಿತ್ತು. ಅಲ್ಲಿ ಅವನು ಕಂಡ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1, ಉಳಿದ 23 ಸಂಸ್ಕೃತ ಪಾಠಶಾಲೆಗಳು. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು ಬರಿಯ 60. ಈ ಅರವತ್ತರ ಸಂಖ್ಯೆಯನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಮಗುವಿಗೆ ಐದು ವರ್ಷವಾದಾಗ ಗುರುವೂ ಶಾಲೆಯ ಮಕ್ಕಳೂ ಅದರ ಮನೆಗೆ ಬರುತ್ತಾರೆ. ಗಣಪತಿಯ ಪೂಜೆಯಾಗುತ್ತದೆ. ಗುರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರಗಳನ್ನು ಬರೆಯಿಸುತ್ತಾನೆ. ಶಾಲೆ ಬೆಳಗಿನ ಆರು ಗಂಟೆಗೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. (ಇಪ್ಪತ್ತನೆಯವನಾಗಿ ಬರುವುದಕ್ಕಿಂತ ಅಂದು ಜ್ವರ ಬಂತೆನ್ನುವುದೇ ಕ್ಷೇಮ ಎಂದು ಎಷ್ಟು ಹುಡುಗರು ಎಣಿಸಿದ್ದಾರೋ!) ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿ, ಆಮೇಲೆ ಹಲಗೆಗೂ ಕಡತಕ್ಕೂ ಏರುತ್ತಾರೆ. ಅಕ್ಕಿಯ ಗಂಜಿಯಿಂದ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟ ಬಟ್ಟೆಯೇ ಕಡತ. ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಅದರ ಮೇಲೆ ಬರೆಯುವ ಬಳಪದ ಹೆಸರನ್ನೂ ಕ್ಯಾಂಪ್‌ಬೆಲ್ ಬಿಟ್ಟಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಕಾಗುಣಿತ ಕೆಟ್ಟಿದೆ, ಅಷ್ಟೆ. ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುತ್ತಾರೆ. ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಾರೆ. ಈ ಪದ್ಧತಿಯೂ ಇದರ ಮಿತವ್ಯಯವೂ ಮೆಚ್ಚತಕ್ಕವು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತು ಎಂಬುದು ಆ ಕಲೆಕ್ಟರನ ಅಭಿಪ್ರಾಯ.

ನಾನು ಓದಿದ ಹಳ್ಳಿಯ ಶಾಲೆಯೂ ಏಕೋಪಾಧ್ಯಾಯ ಶಾಲೆ. ನಾಲ್ಕು ತರಗತಿಗಳು ಒಂದೇ ಕೋಣೆಯಲ್ಲಿ. ನನಗೆ ಮಗ್ಗಿ ಕಲಿಸಿದ್ದು ಮೇಷ್ಟರಲ್ಲ, ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಆದ್ದರಿಂದ ಕ್ಯಾಂಪ್‌ಬೆಲ್ಲನ ಮಾತು ನನಗೆ ಪುಸ್ತಕದ ಮಾತಲ್ಲ.

ಆದರೆ ಆ ಕಲೆಕ್ಟರ್ ಅಷ್ಟಕ್ಕೇ ನಿಲ್ಲಿಸಿದವನಲ್ಲ. ನಮ್ಮ ಅಭಿಮಾನಿಗಳು ವರದಿಯ ಹೊಗಳಿಕೆಯ ಸಾಲುಗಳನ್ನು ಎತ್ತಿಕೊಂಡು ಮುಂದಿನದನ್ನು ಬಿಟ್ಟುಬಿಡುವುದುಂಟು. ಮುಂದೆ ಅವನು ಹೇಳುವುದು ಇದು: ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಶಾಲೆಯ ಗ್ರಂಥಗಳ ಭಾಷೆ ಹಳೆಯ ಪದ್ಯಭಾಷೆ, ಮಕ್ಕಳು ಮನೆಯಲ್ಲಿ ಆಡುವುದು ಬೇರೆ. ಅಕ್ಷರಗಳೇನೋ ಒಂದೇ, ಆದುದರಿಂದ ಹುಡುಗ ಪುಟವನ್ನು ಸರಾಗವಾಗಿ ಉಚ್ಚರಿಸುತ್ತಾನೆ. ನೂರಾರು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ. ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ ಗೊತ್ತು. ಅನೇಕ ಕಡೆ ಗುರುವಿಗೂ ಅರ್ಥವಾಗದು, ಹಾಗಾಗಿ ಕೇಳಿದರೂ ಉತ್ತರವಿಲ್ಲ. ಹಳಗನ್ನಡ ಕಲಿಸಿ ಹೊಟ್ಟೆ ಹೊರೆದ ನನ್ನಂಥವನಿಗೆ ಈ ಆಕ್ಷೇಪ ಚುಚ್ಚುತ್ತದೆ; ಆದರೂ ಅದರಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಅಕ್ಷರವನ್ನು ಹಿರಿಯ ಹುಡುಗ ಕಿರಿಯ ಹುಡುಗನಿಗೆ ದಾಟಿಸಬಲ್ಲ. ಅರ್ಥವನ್ನು ದಾಟಿಸಬೇಕಾದರೆ ಮೊದಲು ಅದು ಯಾರಲ್ಲಾದರೂ ಇರಬೇಕು.

ಇಂಗ್ಲೆಂಡಿನಲ್ಲಿ ಆದದ್ದೂ ಇದೇ. ಒಬ್ಬ ಮೇಷ್ಟರು ಸಾವಿರ ಹುಡುಗರನ್ನು ನಡೆಸಬಲ್ಲನೆಂದು ಲ್ಯಾಂಕ್ಯಾಸ್ಟರನ ಕಡೆಯವರು ಜಂಬ ಕೊಚ್ಚಿಕೊಂಡರು. ಅಗ್ಗದ ಶಾಲೆಯೆಂದು ಧನಿಕರು ಚಂದಾ ಕೊಟ್ಟರು. ಕೊನೆಗೆ ಅಲ್ಲಿ ಉಳಿದದ್ದು ಉರುಹೊಡೆಯುವ ಕಾರ್ಖಾನೆ. 1846ರಲ್ಲಿ ಅಲ್ಲಿನ ಸರ್ಕಾರವೇ ಮುಂದೆ ಬಂದು, ಹದಿಮೂರು ದಾಟಿದ ಮಕ್ಕಳನ್ನು ಆಯ್ದು ಐದು ವರ್ಷ ತರಬೇತು ಕೊಟ್ಟು ಶಿಕ್ಷಕರನ್ನಾಗಿಸುವ ಬೇರೊಂದು ವ್ಯವಸ್ಥೆಯನ್ನು ಹೂಡಬೇಕಾಯಿತು.

ಮತ್ತೆ ನಮ್ಮ ಕಾಲಕ್ಕೆ ಬರೋಣ. ಮಿತ್ರ ಅವರ ಪ್ರಯೋಗಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಾಲಕಾಜಿಯದಲ್ಲ, 2007ರಲ್ಲಿ ಪುದುಚೇರಿಯ ಬಳಿಯ ಕಾಳಿಕುಪ್ಪಂ ಎಂಬ ಮೀನುಗಾರರ ಹಳ್ಳಿಯಲ್ಲಿ ನಡೆದದ್ದು. ತಮಿಳು ಮಾತ್ರ ಬಲ್ಲ ಮಕ್ಕಳು ಬೀದಿಬದಿಯ ಕಂಪ್ಯೂಟರಿನಿಂದ, ಇಂಗ್ಲಿಷಿನಲ್ಲಿರುವ ಆಣ್ವಿಕ ಜೀವಶಾಸ್ತ್ರವನ್ನು ತಾವಾಗಿಯೇ ಎಷ್ಟು ಕಲಿಯಬಲ್ಲರು ಎಂಬುದು ಪ್ರಶ್ನೆ. ತಮ್ಮ ಊಹೆಯನ್ನು ಮುರಿದು ನೋಡಲೆಂದೇ ಅವರು ಇಷ್ಟು ಕಠಿಣವಾದ ವಿಷಯವನ್ನು ಆರಿಸಿದರು. ಅವರು ಹೇಳುವಂತೆ, ಏನೂ ತಿಳಿಯದಿದ್ದ ಮಕ್ಕಳು ಎರಡು ತಿಂಗಳ ಬಳಿಕ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 30 ಅಂಕ ಪಡೆದರು. ಅಲ್ಲಿಗೆ ನಿಂತಿತು. ಮುಂದಕ್ಕೆ ಹೋಗಲು ಅವರು ಜೀವಶಾಸ್ತ್ರವನ್ನೇನೂ ಅರಿಯದ, ಆದರೆ ಮಕ್ಕಳಿಗೆ ಬೇಕಾದವಳಾದ ಒಬ್ಬ ತರುಣಿಯ ನೆರವನ್ನು ಪಡೆದರು. ಅವಳ ಕೆಲಸ ಬೆನ್ನ ಹಿಂದೆ ನಿಂತು ಬೆರಗುಪಡುವುದು: ಅಯ್ಯೋ, ಇದನ್ನು ಹೇಗೆ ಮಾಡಿದಿರಿ, ಮುಂದಿನ ಪುಟದಲ್ಲಿ ಏನಿದೆ, ನನಗೂ ಸ್ವಲ್ಪ ಹೇಳಿ. ಅಂಕ ಸುಮಾರು 50ಕ್ಕೆ ಏರಿತು. ಇದಕ್ಕೆ ಮಿತ್ರ ಕೊಟ್ಟ ಹೆಸರು ಅಜ್ಜಿಯ ವಿಧಾನ. 2009ರಿಂದ ಇಂಗ್ಲೆಂಡಿನ ನಿವೃತ್ತ ಶಿಕ್ಷಕಿಯರನ್ನೇ ದೂರದರ್ಶಕ ಅಜ್ಜಿಯರನ್ನಾಗಿ ಭಾರತದ ಮಕ್ಕಳೊಡನೆ ಮಾತಿಗೆ ಕೂರಿಸಿದರು. ಗಮನಿಸಬೇಕಾದದ್ದು, ಆ ಪ್ರಬಂಧದ ತಲೆಬರಹದಲ್ಲೇ ಅವರು "ಮಿತಿಗಳು" ಎಂಬ ಪದವನ್ನು ಇಟ್ಟಿದ್ದಾರೆ. ಲೋಕ ಕಿಂಡಿಯನ್ನು ನೆನಪಿಟ್ಟುಕೊಂಡಿತು. ಮಿತಿಯನ್ನೂ ಅಜ್ಜಿಯನ್ನೂ ಅಷ್ಟಾಗಿ ನೆನಪಿಡಲಿಲ್ಲ.

ಕಿಂಡಿಯ ಎದುರು ನಿಂತು ಬೇರೆ ರೀತಿಯಲ್ಲಿ ನೋಡಿದವರೂ ಇದ್ದಾರೆ. ಅಮೆರಿಕದ ವಿದ್ವಾಂಸ ಮಾರ್ಕ್ ವಾರ್ಷಾವರ್ ದೆಹಲಿಗೆ ಬಂದು ನೋಡಿ 2003ರ ತಮ್ಮ ಪುಸ್ತಕದಲ್ಲಿ ಬರೆದರು: ಅಂತರಜಾಲದ ಸಂಪರ್ಕ ಆಗಾಗ ಕೆಡುತ್ತಿತ್ತು, ಹಿಂದಿಯಲ್ಲಿ ಓದಲು ಏನೂ ಇರಲಿಲ್ಲ, ಮಕ್ಕಳ ಹೊತ್ತೆಲ್ಲ ಆಟಕ್ಕೂ ಚಿತ್ರ ಬರೆಯುವುದಕ್ಕೂ ಹೋಗುತ್ತಿತ್ತು, ತಂದೆತಾಯಿಯರಲ್ಲಿ ಕೆಲವರಿಗೆ ಅಸಮಾಧಾನವೂ ಇತ್ತು. ಪಾಯಲ್ ಅರೋರಾ ಎಂಬ ಸಂಶೋಧಕಿ ಹಿಮಾಲಯದ ಅಲ್ಮೋರಾ ಮತ್ತು ಹವಾಲಬಾಗ್‌ಗಳಿಗೆ ಹೋಗಿ, ಅಲ್ಲಿ ಇಟ್ಟಿದ್ದ ಕಂಪ್ಯೂಟರ್ ಕಿಂಡಿಗಳು ಏಕೆ ಬಳಕೆ ತಪ್ಪಿಹೋದವು ಎಂದು ವಿಚಾರಿಸಿದರು. ಅವರ ಲೇಖನವೂ ಕಾಳಿಕುಪ್ಪಂ ಲೇಖನವೂ ಬೆಳಕು ಕಂಡದ್ದು ಒಂದೇ ವರ್ಷ, 2010ರಲ್ಲಿ, ಒಂದೇ ಬ್ರಿಟಿಷ್ ಪತ್ರಿಕೆಯಲ್ಲಿ. ಎರಡನ್ನೂ ಒಟ್ಟಿಗೆ ಓದುವುದು ಒಳ್ಳೆಯದು.

ಇನ್ನೊಂದು ಮಾತು. ಕಾಲಕಾಜಿಯ ಕಿಂಡಿಯ ಮುಂದೆ ನೆರೆದವರು ಹೆಚ್ಚಾಗಿ ಆರರಿಂದ ಹನ್ನೆರಡು ವರ್ಷದ ಗಂಡುಮಕ್ಕಳು. ಬಯಲಿನಲ್ಲಿಟ್ಟ ವಸ್ತು ಎಲ್ಲರಿಗೂ ಸೇರಿದ್ದೆಂದು ನಾವು ಹೇಳಿಕೊಳ್ಳುತ್ತೇವೆ. ತಮ್ಮನನ್ನು ಕಂಕುಳಲ್ಲಿ ಹೊತ್ತು, ನೀರಿನ ಸಾಲಿನಲ್ಲಿ ನಿಂತಿರುವ ಎಂಟು ವರ್ಷದ ಹುಡುಗಿಗೆ ಬಯಲೂ ಬಾಗಿಲು ಹಾಕಿದ ಮನೆಯೇ. ಬಳ್ಳಾರಿಯ ಆ 60 ಹುಡುಗಿಯರನ್ನು ನೆನಪಿಟ್ಟುಕೊಳ್ಳಿರೆಂದದ್ದು ಇದಕ್ಕಾಗಿ.

ಯಂತ್ರವನ್ನು ಮಗುವಿನ ಕೈಗೆ ಕೊಡಬೇಕೆಂಬ ವಿಚಾರ ಮಿತ್ರ ಅವರಿಗಿಂತ ಹಿಂದಿನದು. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೆಮೂರ್ ಪ್ಯಾಪರ್ಟ್ ಮತ್ತು ಅವರ ಜೊತೆಯವರು ಮಕ್ಕಳಿಗಾಗಿ "ಲೋಗೋ" ಎಂಬ ಕಂಪ್ಯೂಟರ್ ಭಾಷೆಯನ್ನೇ ಕಟ್ಟಿದರು. ಆಮೆಯೊಂದಕ್ಕೆ ಆಜ್ಞೆ ಕೊಟ್ಟು ಮಗು ರೇಖಾಗಣಿತ ಕಲಿಯುವುದು ಅದರ ಚೆಲುವು. ಆ ಪರಂಪರೆಯಿಂದಲೇ 2005ರಲ್ಲಿ "ಮಗುವಿಗೊಂದು ಲ್ಯಾಪ್‌ಟಾಪ್" ಎಂಬ ಯೋಜನೆ ಹುಟ್ಟಿತು. ಪೆರು ದೇಶ ಲಕ್ಷಗಟ್ಟಲೆ ಕೊಂಡಿತು. ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಹೊರಬಂದ ವರದಿ, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಹೆಚ್ಚಿದ್ದಕ್ಕೆ ಸಾಕ್ಷಿಯಿಲ್ಲವೆಂದಿತು.

ಈ ನಡುವೆ, 2001ರಲ್ಲಿ, ಮಾರ್ಕ್ ಪ್ರೆನ್ಸ್ಕಿ ಎಂಬ ಲೇಖಕ ಇಂದಿನ ಮಕ್ಕಳನ್ನು ಈ ಹೊಸ ಲೋಕದ ಮೂಲನಿವಾಸಿಗಳೆಂದೂ ನಮ್ಮಂಥವರನ್ನು ವಲಸೆ ಬಂದವರೆಂದೂ ಕರೆದ. ಮಾತು ಚೆನ್ನಾಗಿತ್ತು, ಜನ ಅದನ್ನು ಶಾಸ್ತ್ರವೆಂದೇ ನಂಬಿದರು. ಅದು ಎಷ್ಟು ನಿಜ? ಇದಕ್ಕೆ ಒಂದು ವಿನೋದದ ಉತ್ತರವಿದೆ. 1998ರಲ್ಲಿ ಯಾರೋ ಒಬ್ಬ ರಸಿಕ, ಅಮೆರಿಕದ ವಾಯವ್ಯ ಕರಾವಳಿಯ ಕಾಡಿನಲ್ಲಿ ಮರ ಹತ್ತುವ ಅಷ್ಟಪದಿಗಳಿವೆ, ಅವು ಅಳಿವಿನ ಅಂಚಿನಲ್ಲಿವೆ ಎಂದು ಒಂದು ಪುಟವನ್ನು ಅಂತರಜಾಲದಲ್ಲಿ ಏರಿಸಿದ್ದ. ಅಷ್ಟಪದಿ ಕಡಲಿನ ಪ್ರಾಣಿ. ಮರಕ್ಕೂ ಅದಕ್ಕೂ ಏನು ಸಂಬಂಧ? ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲೂ ಮತ್ತು ಸಂಗಡಿಗರು 2006ರಲ್ಲಿ ಏಳನೆಯ ತರಗತಿಯ ಮಕ್ಕಳಿಗೆ, ಅಂತರಜಾಲದ ಓದಿನಲ್ಲಿ ಗಟ್ಟಿಗರೆನಿಸಿದವರಿಗೆ, ಈ ಪುಟವನ್ನು ತೋರಿಸಿದರು. ಬಹುತೇಕ ಎಲ್ಲರೂ ನಂಬಿದರು. 2018ರಲ್ಲಿ ಪ್ರಕಟವಾದಂತೆ ನೆದರ್‌ಲೆಂಡ್ಸಿನ 27 ಮಕ್ಕಳ ಮುಂದೆ ಇದೇ ಪರೀಕ್ಷೆ ನಡೆದಾಗ, ಇದು ಹುಸಿ ಎಂದು ಕಂಡುಕೊಂಡವರು ಇಬ್ಬರೇ. ಪುಟ ತೆರೆಯುವುದರಲ್ಲಿ ಈ ಮಕ್ಕಳು ಯಾರೂ ಎಡವಲಿಲ್ಲ ಎಂಬುದನ್ನು ನೆನಪಿಡಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣದ ತಂಡ ಅಮೆರಿಕದ 12 ರಾಜ್ಯಗಳ ವಿದ್ಯಾರ್ಥಿಗಳಿಂದ 7,804 ಉತ್ತರಗಳನ್ನು ಸಂಗ್ರಹಿಸಿ 2016ರಲ್ಲಿ ವರದಿ ಮಾಡಿತು. ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ, ಹಣ ಕೊಟ್ಟು ಹಾಕಿಸಿದ್ದೆಂದು ಸ್ಪಷ್ಟವಾಗಿ ಬರೆದಿದ್ದ ಜಾಹೀರಾತನ್ನು ಸುದ್ದಿಯೆಂದೇ ತಿಳಿದಿದ್ದರು.

ಹಿರಿಯರು ನಗುವಂತಿಲ್ಲ. ಅದೇ ತಂಡದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮರುವರ್ಷ 45 ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು: 25 ಮಂದಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು, 10 ಮಂದಿ ಡಾಕ್ಟರೇಟ್ ಪಡೆದ ಇತಿಹಾಸಕಾರರು, ಇನ್ನು 10 ಮಂದಿ ಪತ್ರಿಕೆಗಳಲ್ಲಿ ಸುದ್ದಿಯ ಸತ್ಯಾಸತ್ಯವನ್ನು ಪರೀಕ್ಷಿಸುವ ವೃತ್ತಿಯವರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಒಂದೇ ರೀತಿ ಎಡವಿದರು. ಪುಟವನ್ನು ಮೇಲಿನಿಂದ ಕೆಳಕ್ಕೆ ಶ್ರದ್ಧೆಯಿಂದ ಓದಿದರು. ಅಚ್ಚುಕಟ್ಟಾದ ಹೆಸರಿಗೂ ಲಾಂಛನಕ್ಕೂ ಮರುಳಾದರು. ವೃತ್ತಿಯ ಪರೀಕ್ಷಕರು ಮಾತ್ರ ಪುಟವನ್ನು ಓದುವ ಗೋಜಿಗೇ ಹೋಗದೆ, ಅದನ್ನು ಬಿಟ್ಟು ಹೊರಗೆ ಬಂದು, ಇದನ್ನು ಬರೆದವರು ಯಾರು, ಇವರ ವಿಷಯವಾಗಿ ಉಳಿದವರು ಏನೆನ್ನುತ್ತಾರೆ ಎಂದು ಬೇರೆ ಕಡೆ ವಿಚಾರಿಸಿದರು. ನಮ್ಮ ಹಳ್ಳಿಯಲ್ಲಿ ಹೆಣ್ಣು ಕೊಡುವವರು ಮಾಡುತ್ತಿದ್ದುದು ಇದನ್ನೇ. ಬಂದ ವರನ ಮುಖವನ್ನು ಎಷ್ಟು ಹೊತ್ತು ನೋಡಿದರೇನು? ಅವನ ಊರಿಗೆ ಹೋಗಿ ನೆರೆಯವರನ್ನು ಕೇಳಬೇಕು.

ನಮ್ಮ ನಾಡಿನ ಮಕ್ಕಳ ಪಾಲಿಗೆ ಇನ್ನೊಂದು ತೊಡಕೂ ಉಂಟು. ನೆರೆಯವರನ್ನು ವಿಚಾರಿಸಲು ಆ ಭಾಷೆಯಲ್ಲಿ ನೆರೆಯವರು ಇರಬೇಕಷ್ಟೆ. ಅಂತರರಾಷ್ಟ್ರೀಯ ಅಕ್ಷರ ಸಂಕೇತವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ "ಬರಹ", ಕನ್ನಡ ಗಣಕ ಪರಿಷತ್ತಿನ "ನುಡಿ", 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯ, ಇವುಗಳಿಂದ ಬರೆಯುವ ದಾರಿ ಸುಗಮವಾಯಿತು. ಆದರೂ ಹತ್ತು ವರ್ಷದ ಮಗು ಕನ್ನಡದಲ್ಲಿ ಒಂದು ಪ್ರಶ್ನೆಯನ್ನು ಕೇಳಿ, ತನಗೆ ತಿಳಿಯುವ ಕನ್ನಡದಲ್ಲಿ ಮೂರು ಬೇರೆ ಬೇರೆ ಕಡೆ ಉತ್ತರ ಓದಿ ಹೋಲಿಸಿ ನೋಡಲು ಬೇಕಾದಷ್ಟು ಬರಹ ಇನ್ನೂ ಕೂಡಿಬಂದಿಲ್ಲ. ಇಂಗ್ಲಿಷಿಗೆ ಹೋದರೆ ಮತ್ತೆ ಕ್ಯಾಂಪ್‌ಬೆಲ್ಲನ ಗಿಳಿ.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇದೆಲ್ಲ ಬಯಲಿಗೆ ಬಂತು. ಕರ್ನಾಟಕದ ಶಿಕ್ಷಣ ಇಲಾಖೆ ಆಗಸ್ಟಿನಲ್ಲಿ "ವಿದ್ಯಾಗಮ" ಯೋಜನೆಯನ್ನು ತಂದು, ಮನೆಯಲ್ಲಿ ಎಂಥ ಸಾಧನ ಇದೆ, ಅಥವಾ ಏನೂ ಇಲ್ಲ ಎಂಬುದರ ಮೇಲೆ ಮಕ್ಕಳನ್ನು ಮೂರು ಗುಂಪು ಮಾಡಿ, ಉಪಾಧ್ಯಾಯರನ್ನು ಊರ ಜಗಲಿಗಳಿಗೂ ಮರದ ನೆರಳಿಗೂ ಕಳುಹಿಸಿತು. ಆಮೇಲೆ ಫೋನುಗಳು ಮನೆಮನೆಗೆ ಬಂದವು. 2023ರ "ಅಸರ್" ಸಮೀಕ್ಷೆ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಮಾತನಾಡಿಸಿತು. ನೂರಕ್ಕೆ ಸುಮಾರು 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನು ಇತ್ತು, ಬಳಸಲೂ ಬರುತ್ತಿತ್ತು. ಅದೇ ಗುಂಪಿನಲ್ಲಿ ನೂರಕ್ಕೆ ಸುಮಾರು 25 ಮಂದಿ ತಮ್ಮದೇ ನಾಡಭಾಷೆಯಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರದೆ ಹೋದರು. ಬಳಸಬಲ್ಲವರಲ್ಲಿ ತಮ್ಮದೇ ಫೋನು ಹೊಂದಿದ ಹುಡುಗರು ಶೇಕಡ 43.7, ಹುಡುಗಿಯರು ಶೇಕಡ 19.8. ಎರಡು ಶತಮಾನ ಕಳೆದರೂ ಆ ಅರವತ್ತು ಹುಡುಗಿಯರ ನೆರಳು ಪೂರ್ತಿ ಸರಿದಿಲ್ಲ.

ಕೊನೆಯಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನಿವೃತ್ತಿಗೆ ಎರಡು ವರ್ಷ ಮುಂಚೆ, ಒಂದು ಸಮಾರಂಭದ ಭಾಷಣದಲ್ಲಿ ಹನ್ನೆರಡನೆಯ ಶತಮಾನದ ಶರಣೆಯೊಬ್ಬಳದೆಂದು ಒಂದು ವಚನವನ್ನು ಓದಿದೆ. ಮೊಬೈಲಿಗೆ ಬಂದದ್ದು, ಅಂಕಿತ ಸರಿಯಾಗಿತ್ತು, ಮಾತು ಚೆನ್ನಾಗಿತ್ತು, ಚಪ್ಪಾಳೆಯೂ ಬಿತ್ತು. ಮರುದಿನ ಎರಡನೆಯ ವರ್ಷದ ಒಬ್ಬ ಹುಡುಗಿ ಸಮಗ್ರ ವಚನ ಸಂಪುಟವನ್ನು ಗ್ರಂಥಾಲಯದಿಂದ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟು, "ಸಾರ್, ಅಕಾರಾದಿಯಲ್ಲಿ ಎರಡು ಸಲ ಹುಡುಕಿದೆ, ಸಿಗಲಿಲ್ಲ" ಎಂದಳು. ನಾನೂ ಹುಡುಕಿದೆ. ಇರಲಿಲ್ಲ. ಆಮೇಲೆ ಮತ್ತೆ ಓದಿ ನೋಡಿದರೆ, ಅದರ ಭಾಷೆ ಐವತ್ತು ವರ್ಷದಷ್ಟೂ ಹಳೆಯದಲ್ಲ. ಯಾವ ಕನ್ನಡ ಎಂ.ಎ. ವಿದ್ಯಾರ್ಥಿಯೂ ಮೊದಲ ಸಾಲಿನಲ್ಲೇ ಹಿಡಿಯಬೇಕಾಗಿತ್ತು. ಮುವ್ವತ್ತು ವರ್ಷ ಗ್ರಂಥಸಂಪಾದನೆ ಪಾಠ ಮಾಡಿದ್ದ ನಾನು ಹಿಡಿದಿರಲಿಲ್ಲ.

ಹೀಗೆ ಪರೀಕ್ಷಿಸಿ ನೋಡಲು ನಿನಗೆ ಯಾರು ಕಲಿಸಿದರು ಎಂದು ಅವಳನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: ಪ್ರೌಢಶಾಲೆಯಲ್ಲಿ ಅವರ ಸಮಾಜ ಪಾಠದ ಮೇಷ್ಟರು ದಿನವೂ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಿಂದ ಓದಿಸಿ, ವ್ಯತ್ಯಾಸವೇನೆಂದು ಬರೆಸುತ್ತಿದ್ದರಂತೆ. ಆ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಯೂ ಇತ್ತಂತೆ. ಅವಳು ಓದಿದ ಮೂರು ವರ್ಷವೂ ಅದಕ್ಕೆ ಬೀಗ.